‘ನೀನು ನಿನ್ನೆ ಬಂದದ್ದು’ – ಇದೂ ಕರ್ತೃವೇ

ಮಾನ್ಯ ಸಂಪಾದಕರೇ,

ನನ್ನ ಮೊಮ್ಮಗಳು ಒಂಬತ್ತನೇ ತರಗತಿ. ಹೋದ ವಾರ ಅವಳ ಕನ್ನಡ ಪರೀಕ್ಷೆಯ ಉತ್ತರ ಪತ್ರಿಕೆ ಮನೆಗೆ ಬಂತು. ದೊಡ್ಡವರು ಯಾರಾದರೂ ನೋಡಿ ಸಹಿ ಹಾಕಿ ಕಳಿಸಬೇಕು. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ನಾನೇ ಕನ್ನಡಕ ಹಾಕಿಕೊಂಡು ಕೂತೆ. ಅಕ್ಷರ ದುಂಡಗಿತ್ತು. ಅಂಕವೂ ಚೆನ್ನಾಗಿಯೇ ಬಂದಿತ್ತು. ಒಂದು ಕಡೆ ಮಾತ್ರ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದರು.

ಪ್ರಶ್ನೆ ಇದು: ಕರ್ತೃಪದ ಗುರುತಿಸಿ. ‘ನೀನು ನಿನ್ನೆ ಬಂದದ್ದು ಅಜ್ಜಿಗೆ ಸಂತೋಷ ತಂದಿತು.’ ಮಗು ಬರೆದ ಉತ್ತರ: ‘ನೀನು ನಿನ್ನೆ ಬಂದದ್ದು.’ ಅದನ್ನು ಹೊಡೆದು ಪಕ್ಕದಲ್ಲಿ ‘ನೀನು’ ಎಂದು ತಿದ್ದಿದ್ದರು. ಅಂಕ ಸೊನ್ನೆ.

‘ಯಾಕೆ ಹಾಗೆ ಬರೆದೆ?’ ಎಂದು ಕೇಳಿದೆ. ‘ಅಜ್ಜಿಗೆ ಸಂತೋಷ ತಂದಿದ್ದು ಯಾವುದು ಅಂತ ನನ್ನನ್ನೇ ಕೇಳಿಕೊಂಡೆ ಅಜ್ಜಿ. ನೀನು ನಿನ್ನೆ ಬಂದದ್ದು ಅಂತ ಉತ್ತರ ಬಂತು. ಅದನ್ನೇ ಬರೆದೆ’ ಅಂದಳು. ಆಮೇಲೆ ಮೆಲ್ಲಗೆ, ‘ತಪ್ಪಾ?’ ಅಂದಳು.

ತಪ್ಪಲ್ಲ. ಅವಳು ಬರೆದದ್ದೇ ಸರಿ. ಇದನ್ನು ಇಷ್ಟು ಗಟ್ಟಿಯಾಗಿ ಹೇಳುವ ಧೈರ್ಯ ಎರಡು ವರ್ಷದ ಹಿಂದೆ ನನಗೆ ಇರಲಿಲ್ಲ. ನಾನು ಕನ್ನಡ ಪಂಡಿತಳಲ್ಲ. ಹಾಸನದ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯ ಆಫೀಸಿನಲ್ಲಿ 27 ವರ್ಷ ಲೆಕ್ಕ, ಪತ್ರ ನೋಡಿಕೊಂಡು ನಿವೃತ್ತಳಾದವಳು. ಈ ಧೈರ್ಯ ನನಗೆ ಬಂದದ್ದು ಇನ್ನೊಂದು ಭಾಷೆಯಿಂದ, ತುರ್ಕಿ ಭಾಷೆಯಿಂದ. ಅದನ್ನು ಹೇಳೋಣ ಎಂದೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ. ದಯವಿಟ್ಟು ಕತ್ತರಿಸಬೇಡಿ.

ನನ್ನ ಮಗಳು, ಅಳಿಯ ಇರುವುದು ತುರ್ಕಿ ದೇಶದ ಇಜ್ಮಿರ್ ಊರಿನಲ್ಲಿ. ಸಮುದ್ರದ ಪಕ್ಕದ ದೊಡ್ಡ ಊರು. ಕೊಲ್ಲಿಯ ಆಚೆ ದಡದಲ್ಲಿ ಕರ್ಶಿಯಾಕಾ ಎನ್ನುವ ಭಾಗ. ಅಲ್ಲಿ ಅವರ ಮನೆ. ಮಗಳ ಬಾಣಂತನಕ್ಕೆ ಎಂದು ನಾನು ಹೋಗಿ ಮೂರು ತಿಂಗಳು ಇದ್ದೆ. ಬಾಣಂತಿ ಖಾರ, ಹುಚ್ಚೆಳ್ಳು, ನಮ್ಮ ಕಾಫಿಪುಡಿ, ಅಕ್ಕಿ ಹಿಟ್ಟು ಎಲ್ಲ ಕಟ್ಟಿಕೊಂಡು ಹೋಗಿದ್ದೆ. ಹೋದ ಮೂರನೇ ದಿನ ಬಾಗಿಲು ತಟ್ಟಿದ ಸದ್ದು. ಎದುರು ಮನೆಯ ಹೆಂಗಸು. ಎಪ್ಪತ್ತರ ಹತ್ತಿರ ವಯಸ್ಸು. ಕೈಯಲ್ಲಿ ಕೆಂಪು ಪಾನಕದ ಜಗ್ಗು. ಲವಂಗ, ಚಕ್ಕೆಯ ಘಮ ಬಾಗಿಲಿಂದಲೇ ಬಂತು. ಬಾಣಂತಿಗೆ ಅಂತಲೇ ಅವರಲ್ಲಿ ಮಾಡುವ ಪಾನಕ ಅದು. ಹೆಸರು ‘ಲೊಹುಸಾ ಶೆರ್ಬೆತಿ’. ಲೊಹುಸಾ ಅಂದರೆ ಬಾಣಂತಿ. ಶೆರ್ಬೆತಿ ಯಾವುದು ಅಂತ ನಾನು ಹೇಳಬೇಕಾಗಿಲ್ಲ, ನಮ್ಮ ಶರಬತ್ತೇ. ಅವರಲ್ಲೂ ಬಾಣಂತಿಗೆ, ಮಗುವಿಗೆ ನಲವತ್ತು ದಿನದ ಲೆಕ್ಕ ಇದೆ.

ಮಗಳು ಅವರನ್ನು ‘ತೆಯ್ಜ಼ೆ’ ಎಂದು ಕರೆಯುತ್ತಾಳೆ. ಅಮ್ಮನ ಅಕ್ಕತಂಗಿಯರನ್ನು ಕರೆಯುವ ಮಾತು. ಅಪ್ಪನ ಅಕ್ಕತಂಗಿಯರಿಗೆ ಬೇರೆ ಮಾತು, ‘ಹಾಲಾ’. ನಮ್ಮಲ್ಲಿ ಚಿಕ್ಕಮ್ಮ ಬೇರೆ, ಸೋದರತ್ತೆ ಬೇರೆ ಅಲ್ವಾ, ಹಾಗೆ. ಇಂಗ್ಲಿಷಿನಲ್ಲಿ ಇಬ್ಬರೂ ಆಂಟಿಯೇ.

ತೆಯ್ಜ಼ೆ ನನ್ನ ಎರಡೂ ಕೈ ಹಿಡಿದುಕೊಂಡು ಒಂದು ಮಾತು ಹೇಳಿದರು:

‘ಗೆಲ್ಮೆನಿಜ಼್ ಚೋಕ್ ಇಯಿ ಒಲ್ದು.’

ಮಗಳು ಮಂಚದ ಮೇಲಿಂದಲೇ ಕನ್ನಡದಲ್ಲಿ ಹೇಳಿದಳು: ‘ನೀವು ಬಂದದ್ದು ತುಂಬಾ ಒಳ್ಳೇದಾಯ್ತು ಅಂತಿದಾರೆ ಅಮ್ಮ.’

ನಾಲ್ಕೇ ಪದ. ಆವತ್ತು ರಾತ್ರಿ ಮಗು ಮಲಗಿದ ಮೇಲೆ ಮಗಳ ಹತ್ತಿರ ಒಂದೊಂದಾಗಿ ಬಿಡಿಸಿಕೊಂಡೆ. ಒಲ್ದು ಅಂದರೆ ಆಯಿತು. ಇಯಿ ಅಂದರೆ ಒಳ್ಳೆಯದು. ಚೋಕ್ ಅಂದರೆ ಬಹಳ. ಉಳಿದದ್ದು ಗೆಲ್ಮೆನಿಜ಼್. ಅದರೊಳಗೆ ಮೂರು ತುಂಡು. ಗೆಲ್ ಅಂದರೆ ಬಾ. ಮೆ ಸೇರಿದರೆ ಬರುವಿಕೆ. ನಿಜ಼್ ಅಂದರೆ ನಿಮ್ಮದು. ಅಂದರೆ, ‘ನಿಮ್ಮ ಬರುವಿಕೆ ಬಹಳ ಒಳ್ಳೆಯದಾಯಿತು’. ಪದದ ಸಾಲು ಕೂಡ ನಮ್ಮದೇ. ಒಂದನ್ನೂ ಹಿಂದೆ ಮುಂದೆ ಮಾಡಬೇಕಾಗಿಲ್ಲ.

ಬಾಗಿಲಲ್ಲಿ ನಿಂತು ಹೇಳಿದ ಆ ಮಾತಿನಲ್ಲಿ ಕರ್ತೃ ಯಾರು? ನಾನೇ? ನಾನಲ್ಲ. ನಾನು ಒಳ್ಳೆಯವಳು ಎಂದು ಅವರು ಹೇಳಲಿಲ್ಲ. ನಾನು ಬಂದದ್ದು ಒಳ್ಳೆಯದಾಯಿತು ಎಂದರು. ಒಂದು ಇಡೀ ವಾಕ್ಯವೇ ಮಡಚಿಕೊಂಡು ಒಂದು ನಾಮಪದದ ಜಾಗದಲ್ಲಿ ಕೂತಿದೆ. ಅದೇ ಕರ್ತೃ.

ನಾನು ಹೊರಡುವ ಮೊದಲೇ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಂಡು ತುರ್ಕಿ ಕಲಿಯಲು ಶುರು ಮಾಡಿದ್ದೆ. ಅದು ಕಲಿಸುತ್ತಿದ್ದದ್ದು ಇಂಗ್ಲಿಷಿನ ಮೂಲಕ. ಇಂಥ ವಾಕ್ಯ ಬಂದಾಗಲೆಲ್ಲ ನಾನು ನಿಂತುಬಿಡುತ್ತಿದ್ದೆ. ಯಾಕೆ ಅಂದರೆ ಇಂಗ್ಲಿಷಿನವರು ಇಂಥ ಉದ್ದದ ಕರ್ತೃವನ್ನು ಸಾಮಾನ್ಯವಾಗಿ ಮುಂದೆ ಇಡುವುದಿಲ್ಲ. ಮುಂದೆ ‘ಇಟ್’ ಎಂಬ ಒಂದು ಖಾಲಿ ಪದ ಕೂರಿಸುತ್ತಾರೆ. ನಿಜವಾದ ಕರ್ತೃವನ್ನು ‘ದಟ್’ ಹಚ್ಚಿ ಕೊನೆಗೆ ತಳ್ಳುತ್ತಾರೆ. ಅದು ಅವರ ಭಾಷೆಯ ರೀತಿ, ಅದರಲ್ಲಿ ತಪ್ಪಿಲ್ಲ. ಆದರೆ ಆ ದಾರಿಯಲ್ಲಿ ಹೋದರೆ ನಾನು ತುರ್ಕಿ ವಾಕ್ಯವನ್ನು ಮೊದಲು ತಲೆಕೆಳಗು ಮಾಡಬೇಕು, ಆಮೇಲೆ ಕನ್ನಡಕ್ಕೆ ತರಲು ಇನ್ನೊಮ್ಮೆ ತಲೆಕೆಳಗು ಮಾಡಬೇಕು. ಎರಡು ಸಲ ತಿರುಗಿಸಿ ಕೊನೆಗೆ ಮೊದಲಿದ್ದ ಕಡೆಗೇ ಬಂದು ನಿಲ್ಲುತ್ತಿದ್ದೆ! ಆವತ್ತು ರಾತ್ರಿ ಆ ಆ್ಯಪ್ ಬಿಟ್ಟೆ. ಒಂದು ನೋಟ್‌ಬುಕ್ ತೆಗೆದುಕೊಂಡು ಎಡಗಡೆ ತುರ್ಕಿ, ಬಲಗಡೆ ಕನ್ನಡ ಬರೆಯುತ್ತಾ ಹೋದೆ. ತುರ್ಕಿಯನ್ನೂ ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ, ಇಲ್ಲಿಯೂ ಹಾಗೆಯೇ ಬರೆದಿದ್ದೇನೆ. ಅವರಲ್ಲಿ ಎಂಟು ಸ್ವರ. ಎರಡು ಮೂರು ಸ್ವರ ನಮ್ಮ ಅಕ್ಷರಕ್ಕೆ ಸರಿಯಾಗಿ ಕೂರುವುದಿಲ್ಲ, ಹತ್ತಿರದ್ದನ್ನು ಹಾಕಿದ್ದೇನೆ. ಅವರೇ 1928ರವರೆಗೆ ಅರಬ್ಬಿ ಲಿಪಿಯಲ್ಲಿ ಬರೆಯುತ್ತಿದ್ದವರು. ಈಗಿನ 29 ಅಕ್ಷರಗಳ ಲ್ಯಾಟಿನ್ ಲಿಪಿ ಆಮೇಲೆ ಬಂದದ್ದು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಕನ್ನಡಕ್ಕೂ ತುರ್ಕಿಗೂ ನೆಂಟಸ್ತನ ಇಲ್ಲ. ನಮ್ಮದು ದ್ರಾವಿಡ ಭಾಷೆ, ಅವರದು ತುರ್ಕಿ ಕುಟುಂಬದ್ದು. ಜವಾಬು, ತಾರೀಖು, ವಕೀಲ ಇಂಥ ಪದ ಎರಡೂ ಕಡೆ ಇವೆ. ಅವು ಅರಬ್ಬಿಯಿಂದ ಹೊರಟು ಎರಡೂ ಮನೆಗೆ ಬಂದ ನೆಂಟರು. ನಾನು ಹೇಳುತ್ತಿರುವ ಹೋಲಿಕೆ ಪದದ್ದಲ್ಲ. ವಾಕ್ಯ ಕಟ್ಟುವ ರೀತಿಯದು. ಕ್ರಿಯಾಪದ ಕೊನೆಗೆ ಬರುವುದು, ಪದದ ಬಾಲಕ್ಕೆ ಒಂದರ ಹಿಂದೆ ಒಂದು ಪ್ರತ್ಯಯ ಅಂಟುವುದು, ಇವು ಎರಡರಲ್ಲೂ ಇವೆ. ಅದರಿಂದ ಇಡೀ ವಾಕ್ಯವನ್ನು ಎತ್ತಿ ಕರ್ತೃವಿನ ಜಾಗದಲ್ಲಿ ಇಡುವುದು ನಮಗೂ ಸುಲಭ, ಅವರಿಗೂ ಸುಲಭ.

ಆದರೆ ಒಂದು ಜಾಗದಲ್ಲಿ ಇಬ್ಬರ ದಾರಿ ಬೇರೆಯಾಗುತ್ತದೆ. ನನ್ನ ಮೊಮ್ಮಗಳ ಒಂದು ಅಂಕ ಹೋದದ್ದು ಸರಿಯಾಗಿ ಅದೇ ಜಾಗದಲ್ಲಿ. ಅದನ್ನು ನಿಧಾನವಾಗಿ ಹೇಳುತ್ತೇನೆ.

ತುರ್ಕಿಯಲ್ಲಿ ‘ನಿಮ್ಮ ಮನೆ’ ಎನ್ನಲು ‘ಸಿಜ಼ಿನ್ ಎವಿನಿಜ಼್’ ಎನ್ನುತ್ತಾರೆ. ಸಿಜ಼ಿನ್ ಅಂದರೆ ನಿಮ್ಮ. ಎವ್ ಅಂದರೆ ಮನೆ. ಅದರ ಬಾಲದ ಇನಿಜ಼್ ಅಂದರೂ ನಿಮ್ಮದು ಎಂದೇ. ಎರಡೂ ಕಡೆ ಗುರುತು. ಅಂಗಿಗೆ ಒಂದು ಕಡೆ ಗುಂಡಿ, ಇನ್ನೊಂದು ಕಡೆ ಕಾಜ ಇರುವ ಹಾಗೆ. ‘ನನ್ನ ಮಗಳ ಮನೆ’ ಎನ್ನಲು ‘ಕಿಜ಼ಿಮಿನ್ ಎವಿ’. ಮಗಳ ಪದಕ್ಕೆ ಷಷ್ಠಿ, ಮನೆಯ ಪದಕ್ಕೆ ‘ಅವಳದು’ ಎಂಬ ಬಾಲ.

ಈಗ ಮನೆಯ ಜಾಗದಲ್ಲಿ ‘ಬರುವಿಕೆ’ ಇಡಿ. ‘ಸಿಜ಼ಿನ್ ಗೆಲ್ಮೆನಿಜ಼್.’ ನಿಮ್ಮ ಬರುವಿಕೆ. ಮನೆ ಯಾರದ್ದೋ ಆಗುವ ಹಾಗೆ ಬರುವುದೂ ಯಾರದ್ದೋ ಆಗುತ್ತದೆ. ಬಂದವರು ಷಷ್ಠಿಯಲ್ಲಿ ನಿಲ್ಲುತ್ತಾರೆ. ಡಾಕ್ಟರು ಬರಬೇಕು ಎನ್ನಲು ‘ದೊಕ್ತೊರುನ್ ಗೆಲ್ಮೆಸಿ ಲಾಜ಼ಿಮ್’. ಡಾಕ್ಟರ ಬರುವಿಕೆ ಬೇಕು. ಮಗು ಮಲಗಬೇಕು ಎನ್ನಲು ‘ಬೆಬೆಯಿನ್ ಉಯುಮಸಿ ಲಾಜ಼ಿಮ್’. ಮಗುವಿನ ನಿದ್ದೆ ಮಾಡುವಿಕೆ ಬೇಕು. ಈ ಲಾಜ಼ಿಮ್ ನಮ್ಮ ‘ಬೇಕು’ ಇದ್ದ ಹಾಗೆಯೇ. ನನಗೆ ಕಾಫಿ ಬೇಕು ಎಂದರೆ ‘ಬಾನಾ ಕಹ್ವೆ ಲಾಜ಼ಿಮ್’. ಕಾಫಿಯ ಜಾಗದಲ್ಲಿ ಒಂದು ವಾಕ್ಯವನ್ನೇ ಇಟ್ಟರೆ ನಾನು ಹೋಗಬೇಕು, ಡಾಕ್ಟರು ಬರಬೇಕು, ಮಗು ಮಲಗಬೇಕು ಎಲ್ಲವೂ ಹೊರಡುತ್ತವೆ.

ಕಹ್ವೆ ಎಂದಾಗ ಮನಸ್ಸು ಊರಿಗೆ ಹೋಗುತ್ತದೆ. ಅರಬ್ಬಿಯ ಕಹ್ವಾ ತುರ್ಕಿಯಲ್ಲಿ ಕಹ್ವೆ ಆಗಿ, ಡಚ್ಚರ ಬಾಯಲ್ಲಿ ಕೋಫಿ ಆಗಿ, ಇಂಗ್ಲಿಷರ ಕೈಯಿಂದ ನಮಗೆ ಕಾಫಿ ಎಂದು ಬಂತು. ಪದ ಬಂದದ್ದು ಆ ಸುತ್ತು ದಾರಿಯಲ್ಲಿ. ಬೀಜ ಮಾತ್ರ ಬಾಬಾ ಬುಡನ್ ಅವರ ಜೊತೆ ಯೆಮೆನ್‌ನಿಂದ ಚಿಕ್ಕಮಗಳೂರಿನ ಗಿರಿಗೆ ನೇರವಾಗಿ ಬಂತು ಎಂದು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಏಳೇ ಬೀಜ. ತೆಯ್ಜ಼ೆಗೆ ಈ ಕಥೆ ಹೇಳಿದಾಗ ಅವರು ತಮ್ಮ ಉದ್ದ ಹಿಡಿಯ ಪುಟ್ಟ ಪಾತ್ರೆಯಲ್ಲಿ ನಮ್ಮ ಪುಡಿಯನ್ನೇ ಕುದಿಸಿ ನೋಡಿದರು. ಅವರ ಪುಡಿ ಗೋಪಿಚಂದನದಷ್ಟು ನುಣ್ಣಗೆ ಇರುತ್ತದೆ. ನಮ್ಮದು ತರಿ, ಮೇಲೆ ಚಿಕೋರಿ ಬೇರೆ. ನೊರೆ ಸರಿಯಾಗಿ ಬರಲಿಲ್ಲ. ಆದರೂ ಪೂರ್ತಿ ಕುಡಿದರು.

ಈಗ ಕನ್ನಡಕ್ಕೆ ಬರೋಣ. ‘ನಿಮ್ಮ ಬರುವಿಕೆ’ ಎಂದು ನಾವೂ ಹೇಳಬಹುದು, ಆದರೆ ಮನೆಯಲ್ಲಿ ಯಾರು ಹಾಗೆ ಹೇಳುತ್ತಾರೆ? ‘ನೀವು ಬಂದದ್ದು’ ಎನ್ನುತ್ತೇವೆ. ‘ಬಂದ’ ಎಂಬುದಕ್ಕೆ ‘ಅದು’ ಸೇರಿ ಬಂದದ್ದು. ‘ಬರುವ’ ಎಂಬುದಕ್ಕೆ ‘ಅದು’ ಸೇರಿ ಬರುವುದು. ‘ಬಾರದ’ ಎಂಬುದಕ್ಕೆ ಸೇರಿ ಬಾರದ್ದು. ಇದು ಅಪ್ಪಟ ನಾಮಪದ. ವಿಭಕ್ತಿ ಎಲ್ಲ ಸಲೀಸಾಗಿ ಹಚ್ಚಬಹುದು: ಬಂದದ್ದನ್ನು, ಬಂದದ್ದಕ್ಕೆ, ಬಂದದ್ದರಿಂದ. ಆದರೆ ಬಂದವರು ಮಾತ್ರ ಪ್ರಥಮಾ ವಿಭಕ್ತಿಯಲ್ಲೇ ಉಳಿದರು: ನೀವು ಬಂದದ್ದು, ನೀನು ಬಂದದ್ದು, ಅವಳು ಬಂದದ್ದು. ‘ನಿನ್ನ ಬಂದದ್ದು’ ಎಂದರೆ ತಪ್ಪು. ತುರ್ಕಿಯಲ್ಲಿ ಇದಕ್ಕೆ ಉಲ್ಟಾ. ನಾನು ಕನ್ನಡದ ಅಭ್ಯಾಸದಲ್ಲಿ ಒಂದು ಸಲ ‘ಸೆನ್ ಗೆಲ್ಮೆನ್’ ಎಂದೆ, ನೀನು ಬಂದದ್ದು ಎನ್ನುವ ಹಾಗೆ. ತೆಯ್ಜ಼ೆ ಬೆರಳೆತ್ತಿ ‘ಸೆನಿನ್, ಸೆನಿನ್’ ಎಂದು ತಿದ್ದಿದರು. ನಿನ್ನ, ನಿನ್ನ.

ಇದರಿಂದ ಏನಾಗುತ್ತದೆ ನೋಡಿ. ತುರ್ಕಿ ಹುಡುಗಿಗೆ ಇದೇ ಪ್ರಶ್ನೆ ಕೊಟ್ಟರೆ ಅವಳ ಮುಂದೆ ಇರುವುದು ‘ಸೆನಿನ್ ಗೆಲ್ಮೆನ್’. ಒಳಗಿನ ಕರ್ತೃವಿಗೆ ‘ನಿನ್ನ’ ಎಂಬ ಗುರುತು ಬಿದ್ದಿದೆ. ಇಡೀ ವಾಕ್ಯದ ಕರ್ತೃ ‘ನೀನು’ ಎಂದು ಯಾರೂ ಮೋಸ ಹೋಗುವುದಿಲ್ಲ. ನಮ್ಮ ಹುಡುಗಿಯ ಮುಂದೆ ‘ನೀನು’ ಎಂದು ಪ್ರಥಮಾ ವಿಭಕ್ತಿಯ ಪದ ವಾಕ್ಯದ ಮೊದಲಿಗೇ ನಿಂತಿದೆ. ಪ್ರಥಮಾ ವಿಭಕ್ತಿ ಕಂಡರೆ ಕರ್ತೃ, ಕೆಲಸ ಮಾಡಿದವನು ಕರ್ತೃ ಎಂದಷ್ಟೇ ಹೇಳಿಕೊಟ್ಟಿದ್ದರೆ ತಿದ್ದುವವರಿಗೂ ಅದೇ ಕಾಣುತ್ತದೆ. ನಾನು ಆ ಶಿಕ್ಷಕರನ್ನು ದೂರುತ್ತಿಲ್ಲ. ನಾನು ಓದುವಾಗಲೂ ಹೀಗೇ ಕಲಿತದ್ದು. ನಲವತ್ತು ಚಿಲ್ಲರೆ ವರ್ಷ ಹೀಗೇ ನಂಬಿದ್ದೆ.

ಪರೀಕ್ಷೆ ಮಾಡುವ ದಾರಿ ಒಂದಿದೆ. ಅದಕ್ಕೆ ತುರ್ಕಿ ಬೇಕಾಗಿಲ್ಲ. ಕನ್ನಡದ ಕ್ರಿಯಾಪದ ಕರ್ತೃವಿನ ಮಾತು ಕೇಳುತ್ತದೆ. ನಾನು ತಂದೆನು, ನೀನು ತಂದೆ, ಅವಳು ತಂದಳು, ಅವರು ತಂದರು, ಅದು ತಂದಿತು. ಈಗ ಪರೀಕ್ಷೆಯ ವಾಕ್ಯದಲ್ಲಿ ‘ನೀನು’ ತೆಗೆದು ಬೇರೆಯವರನ್ನು ಇಡಿ. ನಾನು ನಿನ್ನೆ ಬಂದದ್ದು ಅಜ್ಜಿಗೆ ಸಂತೋಷ ತಂದಿತು. ಅವಳು ನಿನ್ನೆ ಬಂದದ್ದು ಸಂತೋಷ ತಂದಿತು. ಅವರೆಲ್ಲ ಬಂದದ್ದು ಸಂತೋಷ ತಂದಿತು. ಯಾರು ಬಂದರೂ ‘ತಂದಿತು’ ಅಲ್ಲಾಡಲಿಲ್ಲ. ಕರ್ತೃ ‘ನೀನು’ ಆಗಿದ್ದರೆ ‘ತಂದೆ’ ಆಗಬೇಕಿತ್ತು ಅಲ್ವಾ? ಕ್ರಿಯಾಪದ ನೋಡುತ್ತಿರುವುದು ‘ಅದು’ವನ್ನು. ‘ಬಂದದ್ದು’ ಎಂಬುದರ ಬಾಲದಲ್ಲಿರುವ ಆ ‘ಅದು’ವನ್ನು. ‘ನೀನು’ ಒಳಗಿನ ಪುಟ್ಟ ವಾಕ್ಯಕ್ಕೆ ಕರ್ತೃ. ‘ನೀನು ನಿನ್ನೆ ಬಂದದ್ದು’ ಹೊರಗಿನ ದೊಡ್ಡ ವಾಕ್ಯಕ್ಕೆ ಕರ್ತೃ. ತುರ್ಕಿಯಲ್ಲೂ ಲೆಕ್ಕ ಇದೇ: ‘ದ್ಯೂನ್ ಗೆಲ್ಮೆನ್ ನಿನೆನಿ ಸೆವಿನ್‌ದಿರ್‌ದಿ.’ ನೀನು ನಿನ್ನೆ ಬಂದದ್ದು ನಿನ್ನ ಅಜ್ಜಿಗೆ ಸಂತೋಷ ಕೊಟ್ಟಿತು. ಕೊನೆಯ ಪದ ‘ಅದು’ವಿಗೆ ತಕ್ಕ ಹಾಗಿದೆ. ‘ನೀನು’ ಎಂಬುದಕ್ಕೆ ತಕ್ಕ ಹಾಗೆ ಆಗಬೇಕಾದರೆ ‘ಸೆವಿನ್‌ದಿರ್‌ದಿನ್’ ಎಂದು ಕೊನೆಗೆ ಒಂದು ನ್ ಬರಬೇಕಿತ್ತು.

ನೋಟ್‌ಬುಕ್ಕಿನ ಇನ್ನೂ ಕೆಲವು ಪುಟ ಓದುಗರಿಗೆ ತೋರಿಸಬೇಕು ಅನ್ನಿಸುತ್ತದೆ. ಬರಿಯ ಒಂದು ಅಂಕದ ಜಗಳಕ್ಕೆ ಇಷ್ಟು ದೊಡ್ಡ ಪತ್ರ ಬರೆಯುತ್ತಿರಲಿಲ್ಲ.

ಹದಿನೈದನೇ ದಿನ ಇರಬೇಕು, ಮಗು ಸಂಜೆಯಿಂದ ಅಳುತ್ತಿತ್ತು. ನನಗೂ ಕೈಕಾಲು ಆಡಲಿಲ್ಲ. ಮಗಳು ಅಳಲು ಶುರು ಮಾಡಿದಳು. ತೆಯ್ಜ಼ೆ ಬಂದು ಮಗುವನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಾ ‘ಆಲಮಸಿ ನಾರ್ಮಲ್’ ಎಂದರು. ಅಳೋದು ಸಹಜ. ಎರಡೇ ಪದ. ‘ಅವನ’ ಎಂದು ಬೇರೆ ಹೇಳಲಿಲ್ಲ, ‘ಆಲಮಸಿ’ ಎಂಬುದರ ಕೊನೆಯ ‘ಸಿ’ಯಲ್ಲೇ ‘ಅವನ’ ಇದೆ. ‘ಆಗಿದೆ’ ಎಂಬ ಕ್ರಿಯಾಪದವೂ ಇಲ್ಲ. ನಮಗೂ ಬೇಡ. ‘ಮಗು ಅಳೋದು ಸಹಜ’ ಎಂದರೆ ವಾಕ್ಯ ಮುಗಿಯಿತು. ಆಮೇಲೆ ದೀಪ ಸಣ್ಣದು ಮಾಡಿ, ಯಾಕೆ ಎಂದು ಮಗಳು ಕೇಳಿದ್ದಕ್ಕೆ ‘ಬೆಬೆಕ್ ಉಯುಸುನ್ ದಿಯೆ’ ಎಂದರು. ಮಗು ಮಲಗಲಿ ಅಂತ. ಈ ‘ದಿಯೆ’ ಹುಟ್ಟಿದ್ದು ‘ಹೇಳು’ ಎಂಬ ಅರ್ಥದ ಧಾತುವಿನಿಂದ. ನಮ್ಮ ‘ಅಂತ’ ಹುಟ್ಟಿದ್ದು ‘ಅನ್ನು’ವಿನಿಂದ. ಇದು ಕರ್ತೃವಿನ ವಿಷಯ ಅಲ್ಲ, ಆದರೂ ಬರೆಯದೆ ಇರಲಾರೆ. ಆ ರಾತ್ರಿ ಆ ಮಾತು ಕೇಳಿದಾಗ ನನಗೆ ನಮ್ಮ ಅಮ್ಮನೇ ಬಂದ ಹಾಗಾಯಿತು.

ಬರುವಿಕೆಗೆ ಅವರಲ್ಲಿ ಒಂದೇ ರೂಪ ಇಲ್ಲ. ಇದು ನನಗೆ ತುಂಬಾ ದಿನ ಹಿಡಿಯಿತು. ‘ಗೆಲ್ಮೆಸಿ’ ಎಂದರೆ ಬರುವ ಕೆಲಸ. ಅದು ಆಗಬೇಕು, ಆದರೆ ಒಳ್ಳೆಯದು, ಆದದ್ದು ಒಳ್ಳೆಯದಾಯಿತು ಎನ್ನುವಾಗ ಇದು. ‘ಗೆಲ್ದಿಯಿ’ ಎಂದರೆ ಬಂದಿರುವ ಸಂಗತಿ. ನಿಜ, ಸುಳ್ಳು, ಗೊತ್ತು, ಸ್ಪಷ್ಟ ಎನ್ನುವಾಗ ಇದು. ‘ದೊಕ್ತೊರುನ್ ಗೆಲ್ದಿಯಿ ಬೆಲ್ಲಿ’ ಎಂದರೆ ಡಾಕ್ಟರು ಬಂದಿರುವುದು ಗೊತ್ತಾಗುತ್ತಿದೆ. ಇನ್ನು ಮುಂದೆ ಬರುವುದಾದರೆ ‘ಗೆಲೆಜೆಯಿ’. ಕಾಲದ ಗೆರೆಯನ್ನು ಅವರು ಎಳೆಯುವ ಜಾಗವೇ ಬೇರೆ. ನಾವು ಹಿಂದಿನದ್ದಕ್ಕೆ ಬಂದದ್ದು, ಈಗಿನದ್ದಕ್ಕೂ ಮುಂದಿನದ್ದಕ್ಕೂ ಬರುವುದು ಎನ್ನುತ್ತೇವೆ. ಅವರು ಹಿಂದಿನದ್ದಕ್ಕೂ ಈಗಿನದ್ದಕ್ಕೂ ಗೆಲ್ದಿಯಿ, ಮುಂದಿನದ್ದಕ್ಕೆ ಮಾತ್ರ ಗೆಲೆಜೆಯಿ ಎನ್ನುತ್ತಾರೆ. ಒಂದು ದಿನ ಕರೆಂಟ್ ಹೋಗಿ ಲಿಫ್ಟ್ ನಿಂತಿತ್ತು. ಕೆಳಗಿನ ಮನೆಯವರು ಮೆಟ್ಟಿಲಲ್ಲಿ ಸಿಕ್ಕಿ ಹೇಳಿದರು: ‘ಎಲೆಕ್ತ್ರಿಯಿನ್ ನೆ ಜ಼ಮಾನ್ ಗೆಲೆಜೆಯಿ ಬೆಲ್ಲಿ ದೆಯಿಲ್.’ ಕರೆಂಟ್ ಯಾವಾಗ ಬರೋದು ಅಂತ ಗೊತ್ತಿಲ್ಲ. ಕರೆಂಟ್ ಅಲ್ಲಿಯೂ ‘ಬರುತ್ತದೆ’! ಒಂದು ಪ್ರಶ್ನೆಯನ್ನೇ ಹಾಗೆಹಾಗೇ ಎತ್ತಿ ಕರ್ತೃ ಮಾಡಿದ್ದಾರೆ ನೋಡಿ.

ಇನ್ನೊಂದು ಎಚ್ಚರ ಮಗಳು ಹೇಳಿಕೊಟ್ಟಳು. ‘ಮೆ’ ಎಂಬುದು ಎರಡು ಕೆಲಸ ಮಾಡುತ್ತದೆ. ಬರುವಿಕೆಯ ‘ಮೆ’ ಒಂದು. ಬೇಡ ಎನ್ನುವ ‘ಮೆ’ ಇನ್ನೊಂದು. ‘ಗೆಲ್ಮೆ’ ಎನ್ನುವಾಗ ಒತ್ತು ಕೊನೆಗೆ ಬಿದ್ದರೆ ಬರುವಿಕೆ. ಮೊದಲಿಗೆ ಬಿದ್ದರೆ ‘ಬರಬೇಡ’. ಎರಡೂ ಸೇರಿದರೆ ‘ಗೆಲ್ಮೆಮೆಸಿ’, ಅವನು ಬಾರದೆ ಇರುವುದು. ಬಾಗಿಲು ತೆರೆದು ಒಳಗೆ ಕರೆಯುವಾಗ ಒತ್ತು ತಪ್ಪಬಾರದು ಎಂದು ನಾನು ಬಚ್ಚಲುಮನೆಯಲ್ಲಿ ನೀರು ಬಿಟ್ಟುಕೊಂಡು ಹೇಳಿಕೊಳ್ಳುತ್ತಿದ್ದೆ.

ಯಾರದ್ದು ಎಂದು ಹೇಳಬೇಕಾಗಿಲ್ಲದಿದ್ದರೆ ‘ಮೆಕ್’ ಅಥವಾ ‘ಮಕ್’ ಸಾಕು. ಬೋರ್ಡುಗಳಲ್ಲಿ ಅದೇ. ‘ಸಿಗಾರಾ ಇಚ್‌ಮೆಕ್ ಯಸಕ್‌ತಿರ್’ ಎಂದು ಎಲ್ಲ ಕಡೆ ಬರೆದಿರುತ್ತಾರೆ. ಇಚ್‌ಮೆಕ್ ಅಂದರೆ ಕುಡಿಯುವುದು. ಸಿಗರೇಟು ಕುಡಿಯುವುದು ನಿಷಿದ್ಧ. ನಮ್ಮ ಬಸ್‌ಸ್ಟ್ಯಾಂಡಿನ ‘ಧೂಮಪಾನ’ದಲ್ಲೂ ಇರುವುದು ಪಾನವೇ. ಯಾರು ಕುಡಿಯುವುದು ಎಂದು ಅಲ್ಲಿಯೂ ಹೇಳಿಲ್ಲ, ಇಲ್ಲಿಯೂ ಹೇಳಿಲ್ಲ. ಯಾರೇ ಆಗಲಿ.

ಒಂದು ದಿನ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಮಾಡಿ ತೆಯ್ಜ಼ೆಗೆ ಕೊಟ್ಟೆ. ಅವರು ಎರಡು ಮಾತು ಹೇಳಿದರು. ‘ಯಪ್ತೀನಿಜ಼್ ಚೋಕ್ ಗ್ಯೂಜ಼ೆಲ್’, ‘ಯಪ್ಮನಿಜ಼್ ಚೋಕ್ ಇಯಿ ಒಲ್ದು’. ನೀವು ಮಾಡಿದ್ದು ತುಂಬಾ ಚೆನ್ನಾಗಿದೆ. ನೀವು ಮಾಡಿದ್ದು ತುಂಬಾ ಒಳ್ಳೇದಾಯ್ತು. ಕನ್ನಡದಲ್ಲಿ ಎರಡಕ್ಕೂ ‘ಮಾಡಿದ್ದು’. ಮೊದಲನೆಯದು ರೊಟ್ಟಿ. ಎರಡನೆಯದು ನಾನು ಮಾಡಿದ ಕೆಲಸ. ಅವರು ಎರಡಕ್ಕೂ ಬೇರೆ ಬೇರೆ ರೂಪ ಹೇಳಿದರು. ನಾವು ಒಂದೇ ರೂಪದಲ್ಲಿ ಎರಡನ್ನೂ ಹೇಳಿ, ಯಾವುದು ಎಂದು ಕೇಳುವವರಿಗೆ ಬಿಡುತ್ತೇವೆ. ಈ ‘ಮಾಡಿದ್ದು’ ದಿನಕ್ಕೆ ಎಷ್ಟು ಸಲ ನನ್ನ ಬಾಯಲ್ಲಿ ಬಂದಿರಬಹುದು! ಅದರೊಳಗೆ ಎರಡು ಕೋಣೆ ಇವೆ ಎಂದು ನನಗೆ ತೋರಿಸಿದ್ದು ಕನ್ನಡದ ಒಂದು ಅಕ್ಷರವೂ ಗೊತ್ತಿಲ್ಲದ ಆ ತಾಯಿ.

ಇಲ್ಲಿಂದ ನನ್ನ ಕೋರಿಕೆ ಶುರುವಾಗುತ್ತದೆ.

ಶಾಲೆಯಲ್ಲಿ ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ ಎಂದು ಕಲಿಸುತ್ತಾರೆ. ಕೃದಂತವನ್ನೂ ಕಲಿಸುತ್ತಾರೆ. ಕರ್ತೃವನ್ನು ಇನ್ನೊಂದು ಪಾಠದಲ್ಲಿ ಕಲಿಸುತ್ತಾರೆ. ಇವು ಒಂದನ್ನೊಂದು ಭೇಟಿ ಆಗುವುದೇ ಇಲ್ಲ. ‘ರಾಮನು ಮರವನ್ನು ಕಡಿದನು’ ಎಂಬ ವಾಕ್ಯದಲ್ಲೇ ಕರ್ತೃವಿನ ಪಾಠ ಮುಗಿದರೆ ಮಕ್ಕಳು ದಿನಾ ಆಡುವ ಮಾತು ಪಾಠದ ಹೊರಗೆ ಉಳಿಯುತ್ತದೆ. ಮಳೆ ಬಂದದ್ದು ಒಳ್ಳೇದಾಯ್ತು. ಬಸ್ ಬರೋದು ತಡ ಆಗುತ್ತೆ. ಅವನು ಹೇಳಿದ್ದು ಸುಳ್ಳು. ಆಲೂಗಡ್ಡೆ ಬೆಲೆ ಇಳಿದದ್ದು ರೈತರಿಗೆ ಕಷ್ಟ. ಇವು ಹಾಸನದ ಸಂತೆಯಲ್ಲಿ ಅರ್ಧ ಗಂಟೆ ನಿಂತರೆ ಕಿವಿಗೆ ಬೀಳುವ ವಾಕ್ಯ. ಎಲ್ಲದರಲ್ಲೂ ಕರ್ತೃ ಒಂದು ವಾಕ್ಯವೇ. ಹಲ್ಮಿಡಿ ಶಾಸನ ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನಲ್ಲಿ ಎಂದು ಇಲ್ಲಿಯ ಪ್ರತಿ ಮಗುವಿಗೂ ಗೊತ್ತು. ಹೆಮ್ಮೆಯಿಂದ ಹೇಳುವ ಆ ವಾಕ್ಯದಲ್ಲೂ ‘ಹಲ್ಮಿಡಿ ಶಾಸನ ಸಿಕ್ಕಿದ್ದು’ ಎಂಬುದೇ ಕರ್ತೃ. ಪಠ್ಯಪುಸ್ತಕ ಬರೆಯುವವರು ಇಂಥ ಐದಾರು ವಾಕ್ಯವನ್ನು ಕರ್ತೃವಿನ ಪಾಠಕ್ಕೆ ಸೇರಿಸಬೇಕು. ಕ್ರಿಯಾಪದ ಯಾರ ಮಾತು ಕೇಳುತ್ತಿದೆ ಎಂದು ನೋಡುವುದನ್ನು ಹೇಳಿಕೊಡಬೇಕು. ಐದು ನಿಮಿಷದ ಕೆಲಸ.

ಎರಡನೆಯದು. ಬೇರೆ ದೇಶದ ಭಾಷೆಯನ್ನು ಕನ್ನಡದ ಮೂಲಕವೇ ಕಲಿಸುವ ಸಣ್ಣ ಪುಸ್ತಕಗಳು ಬೇಕು. ತುರ್ಕಿ, ಜಪಾನಿ, ಕೊರಿಯನ್ ಇವೆಲ್ಲ ಕ್ರಿಯಾಪದವನ್ನು ಕೊನೆಗೆ ಇಡುವ ಭಾಷೆಗಳು. ಇವನ್ನು ಇಂಗ್ಲಿಷಿನ ಸುತ್ತು ದಾರಿಯಲ್ಲಿ ಕಲಿಯುವಾಗ ನಮಗೆ ಹುಟ್ಟಿನಿಂದ ಬಂದ ಅನುಕೂಲ ಕೈಬಿಟ್ಟು ಹೋಗುತ್ತದೆ. ನಮ್ಮ ಜಿಲ್ಲೆಯ ಎಷ್ಟು ಮಕ್ಕಳು ಈಗ ಹೊರದೇಶದಲ್ಲಿದ್ದಾರೆ. ಅವರ ಹಿಂದೆ ಬಾಣಂತನಕ್ಕೆ ಹೋಗುವ ನನ್ನಂಥ ತಾಯಂದಿರು ಎಷ್ಟು ಜನ. ಇಂಗ್ಲಿಷ್ ಸರಿಯಾಗಿ ಬಾರದು ಎಂದು ಮೂರು ತಿಂಗಳು ನಾಲ್ಕು ಗೋಡೆಯ ಒಳಗೆ ಬಾಯಿ ಮುಚ್ಚಿಕೊಂಡು ಇದ್ದು ಬಂದವರನ್ನು ನಾನು ನೋಡಿದ್ದೇನೆ. ಅವರಿಗೆ ‘ಇದು ನೀವು ಮಾತಾಡುವ ಹಾಗೆಯೇ ಇದೆ’ ಎಂದು ಕನ್ನಡದಲ್ಲಿ ಹೇಳುವ ನಲವತ್ತು ಪುಟದ ಒಂದು ಪುಸ್ತಕ ಇದ್ದಿದ್ದರೆ! ನನ್ನ ನೋಟ್‌ಬುಕ್ 96 ಪುಟ ತುಂಬಿದೆ. ಯಾರಾದರೂ ಭಾಷೆ ಬಲ್ಲವರು ತಿದ್ದಿ ಕೊಡುವುದಾದರೆ ಅದನ್ನು ಹಾಗೇ ಕೊಟ್ಟುಬಿಡುತ್ತೇನೆ. ನನ್ನ ಹೆಸರು ಹಾಕುವುದು ಬೇಡ.

ಉತ್ತರ ಪತ್ರಿಕೆಗೆ ಸಹಿ ಹಾಕಿ ಕಳಿಸಿದೆ. ಜೊತೆಗೆ ಒಂದು ಚೀಟಿ ಇಟ್ಟೆ. ‘ತಂದಿತು’ ಎಂಬುದನ್ನು ಒಂದು ಸಲ ನೋಡಿ ಎಂದಷ್ಟೇ ಬರೆದೆ. ಅಂಕ ಬದಲಾಗುತ್ತದೋ ಇಲ್ಲವೋ, ಮಗುವಿಗೆ ಮಾತ್ರ ‘ನೀನು ಬರೆದದ್ದು ಸರಿ’ ಎಂದು ಹೇಳಿದ್ದೇನೆ. ಅವಳು ತಕ್ಷಣ ‘ಅಜ್ಜಿ, ಇದರಲ್ಲೂ ಇದೆ’ ಅಂದಳು. ‘ನೀನು ಬರೆದದ್ದು’ ಎಂಬುದನ್ನು ಹಿಡಿದುಬಿಟ್ಟಿದ್ದಳು.

ಬರುವ ತಿಂಗಳು ಇಜ್ಮಿರಿನ ಮೊಮ್ಮಗನಿಗೆ ಒಂದು ವರ್ಷ ತುಂಬುತ್ತದೆ. ಮಗಳು ಮಗುವನ್ನು ಕರೆದುಕೊಂಡು ಹಾಸನಕ್ಕೆ ಬರುತ್ತಿದ್ದಾಳೆ. ಅಲ್ಲಿ ಹುಟ್ಟುಹಬ್ಬದ ದಿನ ‘ಇಯಿ ಕಿ ದೋದುನ್’ ಎಂದು ಹೇಳುತ್ತಾರೆ, ಕೇಕಿನ ಮೇಲೂ ಬರೆಸುತ್ತಾರೆ. ಅದರಲ್ಲಿರುವ ‘ಕಿ’ ಪಾರಸಿಯಿಂದ ಬಂದದ್ದು, ಕಟ್ಟುವ ರೀತಿಯೂ ಬೇರೆ. ಕನ್ನಡದಲ್ಲಿ ಹೇಳುವಾಗ ಅದು ನಮ್ಮ ರೀತಿಗೇ ಬರುತ್ತದೆ. ನಮ್ಮ ರಸ್ತೆಯ ಬೇಕರಿಯವರಿಗೆ ಈಗಲೇ ಹೇಳಿಟ್ಟಿದ್ದೇನೆ. ‘ಹ್ಯಾಪಿ ಬರ್ತ್‌ಡೇ ಬೇಡ. ನೀನು ಹುಟ್ಟಿದ್ದು ಒಳ್ಳೆಯದಾಯಿತು ಅಂತ ಕನ್ನಡದಲ್ಲಿ ಬರೆದುಕೊಡಿ.’ ಅವರು ಕೇಕಿನ ಅಳತೆ ನೋಡಿ, ಎರಡು ಸಾಲಿನಲ್ಲಿ ಬರೆದರೆ ಹಿಡಿಸುತ್ತದೆ ಅಮ್ಮ ಎಂದರು.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು,
ಸಾಲಗಾಮೆ ರಸ್ತೆ, ಹಾಸನ